ವಿದೇಶಿ ಅನುದಾನ ತಾಜಸುಲ್ತಾನಪುರಕ್ಕೆ ಬರುವುದು ಹೇಗೆ?

ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೇಸ್ ಹೆಸರು ಕೇಳೀರಲ್ರೀ? ಫ್ರೆಂಚ್ ಪಾಠ, ನಾಟಕ, ಸಿನಿಮಾ, ಎಲ್ಲಾ ಅಲ್ಲುಂಟು. ಅದನ್ನು ನಡೆಸುವುದು ಫ್ರಾನ್ಸ್ ಸರ್ಕಾರವಲ್ಲ, ಇಲ್ಲೇ ನೋಂದಣಿಯಾದ ಲಾಭರಹಿತ ಸಂಘ. ಅಮೆರಿಕವೂ 2010ರಲ್ಲಿ ಜಕಾರ್ತಾದ ಒಂದು ಮಾಲ್‌ನಲ್ಲಿ ಯುವಜನರಿಗೆಂದೇ ಇಂಥದೊಂದು ಸಾಂಸ್ಕೃತಿಕ ಕೇಂದ್ರ ತೆರೆಯಿತು. ಇಂಥ ಕೆಲಸಕ್ಕೆ ರಾಯಭಾರ ಕಚೇರಿಗಳು ಆಗಾಗ ಅರ್ಜಿ ಕರೆದು ಸಂಸ್ಥೆಗಳಿಗೆ ಅನುದಾನ ಕೊಡುವುದುಂಟು.

ಹಾಗಾದರೆ ಕಲಬುರಗಿ ಬಳಿಯ ತಾಜಸುಲ್ತಾನಪುರದ ಯುವಕ ಸಂಘಕ್ಕೂ ಅಂಥ ದುಡ್ಡು ಬರಬಹುದೇ? ಬರಬಹುದು. ಆದರೆ ನೇರ ಕಲಬುರಗಿಯ ಖಾತೆಗಲ್ಲ.

ನಡುವೆ ಎಫ್‌ಸಿಆರ್‌ಎ ಇದೆ, ಅಂದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ. ನೋಂದಣಿಗೆ ಸಂಘಕ್ಕೆ 3 ವರ್ಷ ತುಂಬಿರಬೇಕು. ಹಿಂದಿನ 3 ಹಣಕಾಸು ವರ್ಷದಲ್ಲಿ ತನ್ನ ಮೂಲ ಕೆಲಸಕ್ಕೇ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. ಗಣೇಶೋತ್ಸವದ ಪಟ್ಟಿ ಎತ್ತಿ ನಡೆಯುವ ಸಂಘಕ್ಕೆ 15 ಲಕ್ಷ! ಹೊಸಬರಿಗೆ ಪೂರ್ವಾನುಮತಿಯ ದಾರಿಯಿದೆ: ಎಷ್ಟು ಹಣ, ಯಾವ ಕೆಲಸಕ್ಕೆ ಎಂದು ದಾನಿ ಬರೆದುಕೊಟ್ಟ ಪತ್ರ ಸಲ್ಲಿಸಿದರೆ, ಕೇಂದ್ರ ಗೃಹ ಸಚಿವಾಲಯ ಆ ಕೆಲಸಕ್ಕಷ್ಟೇ ಒಪ್ಪಿಗೆ ಕೊಡಬಹುದು.

2020ರ ತಿದ್ದುಪಡಿ ಇನ್ನೂ ಬಿಗಿ. ಹಣ ಮೊದಲು ನವದೆಹಲಿಯ ಎಸ್‌ಬಿಐ ಮುಖ್ಯ ಶಾಖೆಗೆ ಬೀಳಬೇಕು, ಆಮೇಲೆ ನಿಮ್ಮೂರ ಖಾತೆಗೆ. ಖಾತೆ ತೆರೆಯಲು ದೆಹಲಿ ರೈಲು ಹತ್ತಬೇಕಿಲ್ಲ, ಹತ್ತಿರದ ಎಸ್‌ಬಿಐ ಶಾಖೆಯಲ್ಲೇ ಕಾಗದಪತ್ರ ಕೊಡಬಹುದು. ಬಂದ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದಿದೆ. ಕಚೇರಿ ಬಾಡಿಗೆ, ಕರೆಂಟ್ ಬಿಲ್, ಲೆಕ್ಕಪತ್ರದ ಖರ್ಚು ಎಲ್ಲವೂ ಆ 20ರೊಳಗೆ. ವರ್ಷವಿಡೀ ಬಾಗಿಲು ತೆರೆದಿರಬೇಕಾದ ಕೇಂದ್ರಕ್ಕೆ ನನಗೆ ಇದು ತೀರಾ ಕಡಿಮೆ ಅನ್ನಿಸುತ್ತದೆ.

ಅರ್ಜಿ ಆನ್‌ಲೈನ್. ಅದಕ್ಕೂ ಮೊದಲು ಪದಾಧಿಕಾರಿಗಳ ಆಧಾರ್, 3 ವರ್ಷದ ಆಡಿಟ್ ಆದ ಲೆಕ್ಕ ಕೈಯಲ್ಲಿರಲಿ.