ಸಿ.ಸಿ. ಸಣ್ಣದು, ಉಸಿರು ದೊಡ್ಡದು: ಟರ್ಬೊ ಗಾಡಿ ಯಾರಿಗೆ ಲಾಭ?

ಹೊಸ ಗಾಡಿ ಕೊಳ್ಳಲು ಹೊರಟ ರೈತನಾಗಲಿ ವ್ಯಾಪಾರಿಯಾಗಲಿ ಷೋರೂಮಿನಲ್ಲಿ ಇವತ್ತು ಮೊದಲು ಕೇಳುವ ಮಾತು ಒಂದೇ: "ಇಂಜಿನ್ ಇಷ್ಟು ಚಿಕ್ಕದೈತಲ್ಲ ಸ್ವಾಮಿ, ಲೋಡು ಎಳಿತದಾ?" ಮಾರುವವನ ಉತ್ತರವೂ ಒಂದೇ: "ಟರ್ಬೊ ಐತೆ ಸಾರ್, ಯೋಚನೆ ಬ್ಯಾಡ." ಆ ಒಂದು ಮಾತಿನ ಮೇಲೆ ಲಕ್ಷಗಟ್ಟಲೆ ಸಾಲದ ಕಾಗದಕ್ಕೆ ಸಹಿ ಬೀಳ್ತದೆ. ಕಂತು ಐದು ವರ್ಷ. ಆದ್ದರಿಂದ ಈ ಟರ್ಬೊ ಯಾರಿಗೆ ಉಳಿತಾಯ, ಯಾರಿಗೆ ಬರೀ ಮಾತು ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಕಮ್ಮಾರನ ಕುಲುಮೆ ನೋಡಿದವರಿಗೆ ಟರ್ಬೊ ಹೊಸದೇನಲ್ಲ. ತಿದಿ ಒತ್ತಿದಷ್ಟೂ ಇದ್ದಿಲು ಕೆಂಡವಾಗುತ್ತದೆ. ನಾವು ತಿದಿ ಅಂದರೆ ತೆಲುಗರು ತಿತ್ತಿ ಅಂತಾರೆ, ಊದುವ ಗಾಳಿ ಎರಡಕ್ಕೂ ಒಂದೇ. ಒಂದು ಕಿಲೊ ಡೀಸೆಲ್ ಪೂರ್ತಿ ಸುಡಬೇಕಾದರೆ ಹದಿನಾಲ್ಕೂವರೆ ಕಿಲೊದಷ್ಟು ಗಾಳಿ ಬೇಕು. ಡೀಸೆಲ್ ಎಷ್ಟಾದರೂ ಸುರಿಯಬಹುದು, ಗಾಳಿ ಸಾಲದಿದ್ದರೆ ಕರಿಹೊಗೆಯಾಗಿ ಹೋಗುತ್ತದೆ. ಹೆಚ್ಚು ಗಾಳಿ ಬೇಕಾದರೆ ಒಂದೋ ದೊಡ್ಡ ಸಿಲಿಂಡರ್ ಇಡಬೇಕು, ಇಲ್ಲವೇ ಸಣ್ಣ ಸಿಲಿಂಡರಿಗೇ ಗಾಳಿ ಒತ್ತಿ ತುಂಬಬೇಕು. ಸೈಲೆನ್ಸರಿನಿಂದ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಅದೇ ಷಾಫ್ಟಿನ ಇನ್ನೊಂದು ತುದಿಯ ಚಕ್ರದಿಂದ ಗಾಳಿ ಒತ್ತುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬೂಷಿ 1905ರಲ್ಲೇ ಪೇಟೆಂಟ್ ಪಡೆದಿದ್ದ.

ನಮ್ಮ ಹಳ್ಳಿಗಳಿಗೆಲ್ಲ ಗೊತ್ತಿರುವ ಬೊಲೆರೊ ಗಾಡಿಯನ್ನೇ ತಗೊಳ್ಳಿ. ಹಳೆಯದರ ಇಂಜಿನ್ 2523 ಸಿ.ಸಿ., 4 ಸಿಲಿಂಡರ್, 63 ಎಚ್.ಪಿ. 2016ರಲ್ಲಿ ಬಂದ ಬೊಲೆರೊ ಪವರ್ ಪ್ಲಸ್‌ಗೆ 1493 ಸಿ.ಸಿ., 3 ಸಿಲಿಂಡರ್. ಒಂದು ಲೀಟರಿನಷ್ಟು ಇಂಜಿನ್ನೇ ಮಾಯ! ಆದರೂ ಎಚ್.ಪಿ. 70ಕ್ಕೆ ಏರಿತು. ಎಳೆಯುವ ಬಲ, ಅಂದರೆ ಟಾರ್ಕು, ಎರಡರಲ್ಲೂ 195 ನ್ಯೂಟನ್ ಮೀಟರ್. ಹಳೆಯದಕ್ಕೂ ಟರ್ಬೊ ಇತ್ತು, ಹೊಸದರಲ್ಲಿ ಸಣ್ಣ ಸಿಲಿಂಡರಿನಿಂದ ಹೆಚ್ಚು ಕೆಲಸ ಹಿಂಡಿದ್ದಾರೆ ಅಷ್ಟೆ.

ಇದಕ್ಕೆ ಡೀಸೆಲ್ ಉಳಿತಾಯ ಮಾತ್ರ ಕಾರಣ ಅಂತ ತಿಳಿಯಬೇಡಿ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿನೊಳಗಿನ ಕಾರುಗಳಿಗೆ ತೆರಿಗೆ ಇಳಿಸಿದರು. ಪೆಟ್ರೋಲಾದರೆ 1200 ಸಿ.ಸಿ., ಡೀಸೆಲ್ಲಾದರೆ 1500 ಸಿ.ಸಿ. ದಾಟಬಾರದು ಎಂಬ ಷರತ್ತು. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಬದಲಾದಾಗಲೂ ಗೆರೆ ಅದೇ: ಒಳಗಿದ್ದರೆ ಶೇ. 18, ದಾಟಿದರೆ ಶೇ. 40. ಇಂಜಿನ್ ಸಣ್ಣದಾಗಿದ್ದರ ಹಿಂದೆ ಇಂಜಿನಿಯರನ ಕೈ ಎಷ್ಟಿದೆಯೋ ತೆರಿಗೆ ಗುಮಾಸ್ತನ ಕೈಯೂ ಅಷ್ಟೇ ಇದೆ. ಈಗ ತಮಾಷೆ ನೋಡಿ. ಸರಕು ಸಾಗಿಸುವ ಬೊಲೆರೊ ಪಿಕ್‌ಅಪ್ಪಿಗೆ ಕಾರಿನ ಈ ರಿಯಾಯಿತಿ ಅನ್ವಯವಾಗದು. ಅಲ್ಲಿ ಅದೇ ಕಂಪನಿ 2523 ಸಿ.ಸಿ. ಇಂಜಿನ್ನನ್ನೇ ಉಳಿಸಿಕೊಂಡಿತು. ಒಂದೇ ಹೆಸರು, ಜನ ಕೂರುವ ಗಾಡಿಗೆ ಒಂದೂವರೆ ಲೀಟರು, ಮೂಟೆ ಹೊರುವ ಗಾಡಿಗೆ ಎರಡೂವರೆ ಲೀಟರು. ನನ್ನ ಮಟ್ಟಿಗೆ ಷೋರೂಮಿನ ಚೀಟಿಗಿಂತ ಇದೇ ದೊಡ್ಡ ಪಾಠ.

ಸಣ್ಣ ಇಂಜಿನ್ ಉಳಿಸುವುದು ಹಗುರಾಗಿ ಓಡುವಾಗ. ದೊಡ್ಡ ಇಂಜಿನ್ ಸುಮ್ಮನೆ ತಿರುಗಲಿಕ್ಕೇ ಒಂದಷ್ಟು ಎಣ್ಣೆ ತಿನ್ನುತ್ತದೆ. ಪಿಸ್ಟನ್ ಹೆಚ್ಚು, ತಿಕ್ಕಾಟ ಹೆಚ್ಚು. ಒಬ್ಬನೇ ಕೂತು ಊರಿಗೂ ಮಂಡಿಗೂ ಓಡಾಡಲು ಅದು ಆರು ಎತ್ತು ಕಟ್ಟಿದ ಬಂಡಿಯಲ್ಲಿ ಹೂವಿನ ಬುಟ್ಟಿ ಸಾಗಿಸಿದಂತೆ. ಪೂರ್ತಿ ಲೋಡು ಬಿದ್ದಾಗ ಲೆಕ್ಕ ಬೇರೆ. ಒಳ್ಳೆಯ ಡೀಸೆಲ್ ಇಂಜಿನ್ ಒಂದು ಎಚ್.ಪಿ.ಯನ್ನು ಒಂದು ಗಂಟೆ ಕೊಡಲು 150ರಿಂದ 190 ಗ್ರಾಂ ಡೀಸೆಲ್ ಕುಡಿಯುತ್ತದೆ. 30 ಎಚ್.ಪಿ. ಕೆಲಸವನ್ನು ಒಂದು ಗಂಟೆ ಮಾಡಿಸಿದರೆ ಐದೂವರೆಯಿಂದ ಹೆಚ್ಚುಕಮ್ಮಿ ಏಳು ಲೀಟರ್ ಹೋಗಲೇಬೇಕು, ಸಿ.ಸಿ. 1500 ಇರಲಿ, 2500 ಇರಲಿ. ಟರ್ಬೊ ಗಾಳಿ ಕೊಡುತ್ತದೆ, ಡೀಸೆಲ್ ಹುಟ್ಟಿಸಲ್ಲ.

ಪೆಟ್ರೋಲ್ ಟರ್ಬೊ ಇನ್ನೂ ನಾಜೂಕು. ಮಾರುತಿಯ ಫ್ರಾಂಕ್ಸ್ ಗಾಡಿಯ 998 ಸಿ.ಸಿ. ಟರ್ಬೊ 100 ಎಚ್.ಪಿ. ಕೊಟ್ಟರೆ, ಅದೇ ಕಂಪನಿಯ ಬ್ರೆಝಾದ ಟರ್ಬೊ ಇಲ್ಲದ 1462 ಸಿ.ಸಿ. ಇಂಜಿನ್ 103 ಕೊಡುತ್ತದೆ. ಶಕ್ತಿ ಸರಿಸಮ. ಆದರೆ ಟರ್ಬೊದ ಪೂರ್ಣ ಎಳೆತ 2000 ಸುತ್ತಿಗೇ ಬರುತ್ತದೆ, ಬ್ರೆಝಾ 4400 ಸುತ್ತು ತಿರುಗಬೇಕು. ಓಡಿಸುವವನಿಗೆ ಟರ್ಬೊ ಸುಖ, ನಿಜ. ಆಕ್ಸಿಲರೇಟರ್ ತುಳಿದೇ ಓಡಿಸಿದರೆ ಮಾತ್ರ ಇಂಜಿನ್ ಬಿಸಿ ತಡೆಯಲು ಅದರ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚಾಗಿ ಸುರಿಯುತ್ತದೆ, ಚೀಟಿಯ ಮೈಲೇಜು ಚೀಟಿಯಲ್ಲೇ ಉಳಿಯುತ್ತದೆ. ಆ ಪರೀಕ್ಷೆ ಪ್ರಯೋಗಾಲಯದ ರೋಲರಿನ ಮೇಲೆ ನಡೆಯುವುದು, ವೇಗ 90 ಕಿ.ಮೀ. ಮೀರದು, ಹಿಂದೆ ಈರುಳ್ಳಿ ಚೀಲವೂ ಇರುವುದಿಲ್ಲ.

ಘಟ್ಟದ ಮೇಲಿನ ನಮ್ಮ ಬಂಧುಗಳಿಗೆ ಟರ್ಬೊ ಬೇಕೇ ಬೇಕು. 2240 ಮೀಟರ್ ಎತ್ತರದ ಊಟಿಯಲ್ಲಿ ಗಾಳಿ ಐದನೇ ಒಂದು ಭಾಗ ತೆಳು, ಟರ್ಬೊ ಇಲ್ಲದ ಇಂಜಿನ್ನಿನ ಶಕ್ತಿಯೂ ಸುಮಾರು ಅಷ್ಟೇ ಕಮ್ಮಿ. ಟರ್ಬೊ ಆ ಕೊರತೆಯನ್ನು ಬಹುಪಾಲು ತುಂಬುತ್ತದೆ. ಆದೋನಿ, ರಾಯದುರ್ಗ, ಸೊಲ್ಲಾಪುರದ ಬಯಲಲ್ಲಿ ಆ ತಾಪತ್ರಯ ಇಲ್ಲ. ನಮ್ಮ ಶತ್ರು ಧೂಳು. ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುವಂಥದ್ದು. ಹರಿದ ಏರ್ ಫಿಲ್ಟರಿನಿಂದ ನುಗ್ಗಿದ ಮರಳು ಅದರ ರೆಕ್ಕೆಗಳನ್ನು ಅರದಂತೆ ತಿನ್ನುತ್ತದೆ. ಷಾಫ್ಟು ನಿಂತಿರುವುದು ಆಯಿಲಿನ ತೆಳು ಪದರದ ಮೇಲೆ. ಲೋಡಿನಲ್ಲಿ ಬಂದವರು ಒಂದೆರಡು ನಿಮಿಷ ಇಂಜಿನ್ನನ್ನು ಸ್ಲೋ ಬಿಟ್ಟು ಆಮೇಲೆ ಆಫ್ ಮಾಡಿ. ಆಯಿಲು ಮುಂದಿನ ಸುಗ್ಗಿಗೆ ಬದಲಾಯಿಸೋಣ ಅನ್ನೋರು ಟರ್ಬೊ ಗಾಡಿ ತಗೊಳ್ಳೋದೇ ಬೇಡ.

ಟ್ರ್ಯಾಕ್ಟರಿನಲ್ಲೂ ಇದೇ ಕತೆ. ಜಾನ್ ಡೀರ್‌ನ 3 ಸಿಲಿಂಡರ್, 2.9 ಲೀಟರ್ ಇಂಜಿನ್ ಟರ್ಬೊ ಇಲ್ಲದೆ 5045ರಲ್ಲಿ 45 ಎಚ್.ಪಿ., ಟರ್ಬೊ ಇಟ್ಟು 5310ರಲ್ಲಿ 55. ದಿನವಿಡೀ ರೋಟವೇಟರ್ ಹೊಡೆಯುವವರಿಗೆ ಆ ಹತ್ತು ಎಚ್.ಪಿ. ದುಡಿಮೆ. ನಾಲ್ಕೆಕರೆ ಕಡಲೆಕಾಯಿ ಬಿತ್ತುವವನಿಗೆ ಬರೀ ಕಂತು. ಕೆಲವು ಮೇಸ್ತ್ರಿಗಳು ಹಳೇ ಇಂಜಿನ್ನಿಗೇ ಟರ್ಬೊ ಕೂಡಿಸಿ ಪಂಪು ಏರಿಸಿಕೊಡ್ತೀವಿ ಅಂತಾರೆ. ಆ ಇಂಜಿನ್ನಿನ ಪಿಸ್ಟನ್ನು, ಹೆಡ್ ಗ್ಯಾಸ್ಕೆಟ್ಟು ಅಷ್ಟು ಒತ್ತಡಕ್ಕೆ ಮಾಡಿದ್ದಲ್ಲ.

ಸೆಕೆಂಡ್ ಹ್ಯಾಂಡ್ ಟರ್ಬೊ ಗಾಡಿ ನೋಡುವವರು ಇಂಜಿನ್ ತಣ್ಣಗಿರುವಾಗ ಟರ್ಬೊದ ಗಾಳಿ ಪೈಪು ಬಿಚ್ಚಿಸಿ, ಚಕ್ರವನ್ನು ಬೆರಳಲ್ಲಿ ಅಲ್ಲಾಡಿಸಿ. ಎದ್ದು ಕಾಣುವಷ್ಟು ಆಡಿದರೆ, ಇಲ್ಲವೇ ಪೈಪಿನೊಳಗೆ ಆಯಿಲು ಕೆರೆಯಂತೆ ನಿಂತಿದ್ದರೆ, ಟರ್ಬೊದ ಬೆಲೆಯನ್ನು ವಿಚಾರಿಸಿಕೊಂಡು ಬಂದು ಆಮೇಲೆ ಚೌಕಾಸಿಗೆ ಕೂಡಿ.