ಒಂದು ಟರ್ಬೊ, ಎರಡು ದಾರಿ

ಎಂಜಿನ್‌ನಿಂದ ಹೊರಹೋಗುವ ಬಿಸಿ ಹೊಗೆಯಲ್ಲಿ ಇನ್ನೂ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಟರ್ಬೊಚಾರ್ಜರ್ ಆ ಹೊಗೆಯಿಂದ ಒಂದು ಚಕ್ರ ತಿರುಗಿಸುತ್ತದೆ. ಅದೇ ಶಾಫ್ಟ್‌ನ ಇನ್ನೊಂದು ತುದಿಯ ಚಕ್ರ ಎಂಜಿನ್‌ಗೆ ಹೆಚ್ಚು ಗಾಳಿ ತುಂಬುತ್ತದೆ. ಹೀಗೆ ಚಿಕ್ಕ ಎಂಜಿನ್ ಕೂಡ ದೊಡ್ಡದರ ಬಲ ಕೊಡುತ್ತದೆ. ಆದರೆ ಎಂಜಿನ್ ನಿಧಾನವಾಗಿ ಓಡುವಾಗ ಹೊಗೆ ಕಡಿಮೆ. ಆಗ ಎಕ್ಸಲರೇಟರ್ ಒತ್ತಿದರೂ ಬಲ ಬರಲು ತಡವಾಗುತ್ತದೆ. ಇದೇ ಟರ್ಬೊ ಲ್ಯಾಗ್.

ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಇನ್ನೊಂದು ತೊಂದರೆಯೂ ಇದೆ. ಸಾಮಾನ್ಯವಾಗಿ ಸಿಲಿಂಡರ್‌ಗಳು 1-3-4-2 ಕ್ರಮದಲ್ಲಿ, ಪ್ರತಿ 180 ಡಿಗ್ರಿಗೆ ಒಂದರಂತೆ ಉರಿಯುತ್ತವೆ. ಒಂದನೆಯದು ಹೊಗೆಯನ್ನು ಪೂರ್ತಿ ಹೊರಹಾಕುವ ಮೊದಲೇ ಮೂರನೆಯದರ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಕೊಳವೆ ಒಂದೇ ಆದರೆ, ಮೂರನೆಯದರ ಜೋರಾದ ಹೊಗೆ ಒಂದನೆಯದರ ಕಡೆಗೂ ನುಗ್ಗುತ್ತದೆ. ಟರ್ಬೊ ಚಕ್ರಕ್ಕೆ ಬೀಳಬೇಕಾದ ಹೊಡೆತ ಅಷ್ಟು ಪೋಲಾಗುತ್ತದೆ.

ಟ್ವಿನ್-ಸ್ಕ್ರಾಲ್ ಟರ್ಬೊದಲ್ಲಿ ಚಕ್ರ ಒಂದೇ, ಅದಕ್ಕೆ ಹೊಗೆ ತರುವ ದಾರಿ ಎರಡು. 1 ಮತ್ತು 4 ಒಂದು ದಾರಿಗೆ, 2 ಮತ್ತು 3 ಇನ್ನೊಂದಕ್ಕೆ. ಈಗ ಒಂದೇ ದಾರಿಯ ಎರಡು ಹೊಡೆತಗಳ ನಡುವೆ 360 ಡಿಗ್ರಿ ಅಂತರವಿರುವುದರಿಂದ ಒಂದಕ್ಕೊಂದು ಅಡ್ಡ ಬರುವುದಿಲ್ಲ. 2006ರಲ್ಲಿ ಬಂದ ಎರಡನೇ ತಲೆಮಾರಿನ ಮಿನಿ ಕೂಪರ್ ಎಸ್‌ನಲ್ಲಿ ಇಂಥ ಟರ್ಬೊ ಇತ್ತು. ಅದರ 1.6 ಲೀಟರ್ ಎಂಜಿನ್ 1600 ಆರ್‌ಪಿಎಂನಲ್ಲೇ 240 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತಿತ್ತು.

ಇದಕ್ಕೆ ಖರ್ಚು ಹೆಚ್ಚು. ನಡುವಿನ ಗೋಡೆ ವಿಪರೀತ ಶಾಖ ತಡೆಯಬೇಕು, ಎರಕ ಹೊಯ್ಯುವುದೂ ಕಷ್ಟ. ನಮ್ಮ ರಸ್ತೆಗಳ ಅನೇಕ ಚಿಕ್ಕ ಟರ್ಬೊ ಕಾರುಗಳಲ್ಲಿ ಮೂರೇ ಸಿಲಿಂಡರ್. ಅಲ್ಲಿ 240 ಡಿಗ್ರಿ ಅಂತರ ತಾನಾಗಿಯೇ ಸಿಗುವುದರಿಂದ ಸಾಮಾನ್ಯ ಟರ್ಬೊ ಸಾಕು. ಹಾಗಾಗಿ ಯಾರಾದರೂ ‘ಟರ್ಬೊ ಕಾರು’ ಎಂದರೆ, ಸಿಲಿಂಡರ್ ಎಷ್ಟು ಎಂದೂ ಕೇಳಿ.