ಮೊದಲು ಗುಂಪು, ಆಮೇಲೆ ಸ್ಕ್ರೂ

ಮದ್ದೂರು, ಮಳವಳ್ಳಿ ಕಡೆಯ ಜಾತ್ರೆಗಳಲ್ಲಿ ಬಲೂನಿಗೆ ಗುರಿಯಿಡುವ ಅಂಗಡಿಯನ್ನು ಕಾಣದವರು ಕಡಿಮೆ. ಹಲಗೆಯ ಮೇಲೆ ಸಾಲು ಸಾಲು ಬಲೂನು, ಮುಂದಿನ ಮೇಜಿನ ಮೇಲೆ ಕೈಯಿಂದ ಕೈಗೆ ಹೋಗಿ ಸವೆದ ಏರ್‌ಗನ್. ಚಿಕ್ಕವನಿದ್ದಾಗ ನಾನು ಕೆಂಪು ಬಲೂನಿಗೆ ಹಿಡಿದರೆ ಅದರ ಎಡಕ್ಕಿದ್ದ ಹಳದಿಯದು ಒಡೆಯುತ್ತಿತ್ತು. ಜೊತೆಗಿದ್ದ ಸೋದರಮಾವ ಕಿವಿಯಲ್ಲಿ ಹೇಳಿದ್ದರು: "ಅದು ಎಡಕ್ಕೆ ಎಳೀತದೆ ಕಣ್ಲಾ, ವಸಿ ಬಲಕ್ಕೆ ಹಿಡಿ." ಹಾಗೇ ಮಾಡಿದೆ, ಕೆಂಪು ಒಡೆಯಿತು.

ಜಾತ್ರೆಗೆ ಆ ಉಪಾಯ ಸಾಕು. ಆದರೆ 10 ಮೀಟರ್ ದೂರದ ಕಾರ್ಡಿನಲ್ಲಿ 11.5 ಮಿಲಿಮೀಟರ್ ಅಗಲದ ಹತ್ತು ಅಂಕದ ವೃತ್ತಕ್ಕೆ, ಅದೂ 60 ಸಲ ಹೊಡೆಯಬೇಕಾದಾಗ "ವಸಿ ಬಲಕ್ಕೆ" ಎಂಬ ಅಂದಾಜು ಉಳಿಯುವುದಿಲ್ಲ. ಅಲ್ಲಿ ಸರಿಮಾಡಬೇಕಾದದ್ದು ಹಿಡಿಯುವ ಜಾಗವನ್ನಲ್ಲ, ಪಿಸ್ತೂಲಿನ ಸೈಟನ್ನು, ಅಂದರೆ ಕಣ್ಣಿಟ್ಟು ಗುರಿ ನೋಡುವ ಭಾಗವನ್ನು.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ 10 ಮೀಟರ್ ಏರ್ ಪಿಸ್ತೂಲಿನ ಬಗ್ಗೆ. 2013ರಲ್ಲಿ ಕೊರಿಯಾದ ಚಾಂಗ್ವನ್ ವಿಶ್ವಕಪ್‌ನಲ್ಲಿ ಕಂಚು, ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಬೆಂಗಳೂರಿನ ಪ್ರಕಾಶ್ ನಂಜಪ್ಪ ಹಿಡಿದದ್ದು ಇದನ್ನೇ. 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡ ವಿಭಾಗದಲ್ಲಿ ಸರಬ್‌ಜೋತ್ ಸಿಂಗ್ ಜೊತೆ ಚಿನ್ನ ಗೆದ್ದ ನಮ್ಮ ದಿವ್ಯಾ ಟಿ.ಎಸ್. ಅವರದ್ದೂ ಇದೇ ಸ್ಪರ್ಧೆ. ಒಂದೇ ಕೈ, ಆಸರೆಯಿಲ್ಲ, ದುರ್ಬೀನು ಇಲ್ಲ. ಮುಂದೊಂದು ಕಡ್ಡಿ, ಹಿಂದೊಂದು ಕಚ್ಚು, ಅಷ್ಟೇ. 4.5 ಮಿ.ಮೀ. ನಳಿಕೆಯ, 20 ಜೂಲ್ ಮೀರದ ಏರ್ ಪಿಸ್ತೂಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸೆನ್ಸ್ ಬೇಡ. ಸ್ಪರ್ಧೆಯ ಪಿಸ್ತೂಲುಗಳ ಬಲ ಅದರ ಅರ್ಧಕ್ಕಿಂತಲೂ ಕಡಿಮೆ. ಹಾಗಾಗಿ ಹಳ್ಳಿಯ ಹುಡುಗ ಹುಡುಗಿಯರೂ ಈ ಆಟಕ್ಕೆ ಕಾಲಿಡಬಹುದಾದ ಬಾಗಿಲು ಇದು.

ಮೊದಲು ನೋಟದ ಲೆಕ್ಕ. ಹಿಂದಿನ ಸೈಟಿನ ಕಚ್ಚಿನೊಳಗೆ ಮುಂದಿನ ಕಡ್ಡಿ ನಿಲ್ಲಬೇಕು. ಎರಡರ ತಲೆಯೂ ಒಂದೇ ಮಟ್ಟದಲ್ಲಿರಬೇಕು, ಕಡ್ಡಿಯ ಎಡಬಲಕ್ಕೆ ಬೆಳಕಿನ ಗೆರೆ ಸಮನಾಗಿರಬೇಕು. ಬಡಗಿ ಒಂದು ಕಣ್ಣು ಮುಚ್ಚಿ ಹಲಗೆಯ ಅಂಚನ್ನು ನೋಡುವಂತೆ. ಎರಡು ಸೈಟುಗಳ ನಡುವೆ 350 ಮಿ.ಮೀ. ಅಂತರವಿದೆ ಎನ್ನಿ. ಕಡ್ಡಿ ಕಚ್ಚಿನೊಳಗೆ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ 10 ಮೀಟರ್‌ನಲ್ಲಿ ಪೆಲೆಟ್, ಅಂದರೆ ಏರ್ ಪಿಸ್ತೂಲಿನ ಸಣ್ಣ ಗುಂಡು, ಸುಮಾರು 29 ಮಿ.ಮೀ. ಆಚೆ ಬೀಳುತ್ತದೆ. ಹತ್ತು ಸಿಗಬೇಕಾದಲ್ಲಿ ಏಳು. ಅದೇ, ಸೈಟುಗಳ ಹೊಂದಿಕೆ ಕೆಡದೆ ಇಡೀ ಕೈ ಐದು ಮಿ.ಮೀ. ಪಕ್ಕಕ್ಕೆ ಸರಿದರೂ ಪೆಲೆಟ್ ಹತ್ತರಲ್ಲೇ ಇರುತ್ತದೆ. ಕೈ ನಡುಗುತ್ತದೆ ಎಂದು ಅಳುಕುವ ಹೊಸಬರಿಗೆ ನಾನು ಮೊದಲು ಹೇಳುವುದು ಈ ಲೆಕ್ಕವನ್ನೇ. ಆದ್ದರಿಂದ ಕಣ್ಣು ನೆಡಬೇಕಾದದ್ದು ಮುಂದಿನ ಕಡ್ಡಿಯ ಮೇಲೆ. ಟಾರ್ಗೆಟ್ ಮಸುಕಾಗಿ ಕಂಡರೆ ಕಾಣಲಿ.

ಕಾರ್ಡಿನ ಕಪ್ಪು ಭಾಗದ ಅಗಲ 59.5 ಮಿ.ಮೀ. ಕಪ್ಪು ಕಡ್ಡಿಯನ್ನು ಕಪ್ಪಿನ ನಡುವೆಯೇ ಹಿಡಿದರೆ ಅದರ ತಲೆ ಎಲ್ಲಿದೆಯೆಂದೇ ತಿಳಿಯುವುದಿಲ್ಲ. ಅದಕ್ಕೆ ಹೆಚ್ಚಿನ ಶೂಟರ್‌ಗಳು ಕಪ್ಪಿನ ಕೆಳಗಿನ ಬಿಳಿಯಲ್ಲಿ ಹಿಡಿಯುತ್ತಾರೆ; ಕಡ್ಡಿಯ ತಲೆಗೂ ಕಪ್ಪಿಗೂ ನಡುವೆ ಒಂದು ಬಿಳಿ ಪಟ್ಟಿ ಉಳಿಯುತ್ತದೆ. ಹಿಡಿಯುವುದು ಕೆಳಗೆ, ಪೆಲೆಟ್ ಬೀಳಬೇಕಾದದ್ದು ನಡುವಿಗೆ. ಈ ವ್ಯತ್ಯಾಸವನ್ನು ತುಂಬಿಕೊಡುವುದು ಹಿಂದಿನ ಸೈಟಿನ ಎತ್ತರ.

ಇನ್ನು ಹಿಂದಿನ ಸೈಟನ್ನು ಕ್ಲಿಕ್ ಕ್ಲಿಕ್ಕಾಗಿ ಸರಿಸುವ ಸ್ಕ್ರೂ. ಸೂತ್ರ ಒಂದೇ: ಪೆಲೆಟ್ ಎತ್ತ ಹೋಗಬೇಕೋ ಹಿಂದಿನ ಸೈಟ್ ಅತ್ತ. ಎಡಕ್ಕೆ ಬೀಳುತ್ತಿದ್ದರೆ ಹಿಂದಿನ ಸೈಟನ್ನು ಬಲಕ್ಕೆ ಸರಿಸಿ, ಕೆಳಗೆ ಬೀಳುತ್ತಿದ್ದರೆ ಮೇಲಕ್ಕೆತ್ತಿ. ಹಿಂದಿನ ಸೈಟ್ ಎದ್ದರೆ ಮಟ್ಟ ಹೊಂದಿಸಲು ನಿಮ್ಮ ಕೈ ತಾನಾಗಿಯೇ ನಳಿಕೆಯ ಮೂತಿಯನ್ನು ಮೇಲಕ್ಕೆ ತರುತ್ತದೆ, ಅದಕ್ಕೆ. ಮುಂದಿನ ಸೈಟಿನದ್ದು ಇದಕ್ಕೆ ತಿರುಗುಮುರುಗು.

ಇಲ್ಲಿ ಬಹಳ ಜನ ಎಡವುವ ಜಾಗ ಬೇರೆ. ಸ್ಪರ್ಧೆಗೆ ಬಳಸುವ ಪಿಸ್ತೂಲುಗಳಲ್ಲಿ ಜರ್ಮನಿ, ಆಸ್ಟ್ರಿಯಾದವು ಹೆಚ್ಚು. ಅವುಗಳ ಸ್ಕ್ರೂ ಪಕ್ಕದ ಬಾಣದ ಗುರುತಿಗೆ 'ಎಚ್', 'ಟಿ', 'ಎಲ್', 'ಆರ್' ಎಂದು ಬರೆದಿರುತ್ತದೆ. 'ಎಚ್' ಎಂದರೆ ಹೋಖ್, ಮೇಲೆ; 'ಟಿ' ಎಂದರೆ ಟೀಫ್, ಕೆಳಗೆ; 'ಎಲ್' ಎಡ, 'ಆರ್' ಬಲ. ಆ ಅಕ್ಷರ ಹೇಳುವುದು ಪೆಲೆಟ್ ಈಗ ಎಲ್ಲಿ ಬಿದ್ದಿದೆ ಎಂಬುದನ್ನು, ಎಲ್ಲಿಗೆ ಹೋಗಬೇಕು ಎಂಬುದನ್ನಲ್ಲ. ಮೇಲೆ ಬಿದ್ದಿದೆಯೇ, 'ಎಚ್' ಕಡೆಗೆ ತಿರುಗಿಸಿ, ಕೆಳಗಿಳಿಯುತ್ತದೆ. ಅಮೆರಿಕದ ಪಿಸ್ತೂಲುಗಳಲ್ಲಿ 'ಅಪ್' ಎಂದು ಬರೆದಿದ್ದರೆ ಅತ್ತ ತಿರುಗಿಸಿದಾಗ ಪೆಲೆಟ್ ಮೇಲಕ್ಕೆ ಹೋಗುತ್ತದೆ, ಪೂರ್ತಿ ಉಲ್ಟಾ. ಕೈಪಿಡಿಯನ್ನು ಒಮ್ಮೆ ಓದಿಬಿಡಿ. ಇದು ತಿಳಿಯದೆ ನಾನು ಒಂದು ಇಡೀ ಮಧ್ಯಾಹ್ನ ಗುಂಡನ್ನು ಇನ್ನಷ್ಟು ಮೇಲಕ್ಕೆ ಏರಿಸುತ್ತ ಕಳೆದಿದ್ದೇನೆ.

ಸ್ಕ್ರೂ ತಿರುಗಿಸುವ ಮುಂಚಿನ ಕೆಲಸವೇ ನಿಜವಾದ ಕೆಲಸ. ಮಂಡ್ಯದ ಬೆಲ್ಲದ ಮಂಡಿಯಲ್ಲಿ ತಕ್ಕಡಿ ಪ್ರತಿ ಸಲವೂ 200 ಗ್ರಾಂ ಹೆಚ್ಚು ತೋರಿಸಿದರೆ ಅದನ್ನು ಸರಿಮಾಡಬಹುದು. ಒಮ್ಮೆ 200 ಹೆಚ್ಚು, ಒಮ್ಮೆ 300 ಕಡಿಮೆ ತೋರಿಸಿದರೆ ಮುಳ್ಳು ತಿರುಗಿಸಿ ಏನು ಫಲ? ಪಿಸ್ತೂಲೂ ಹಾಗೇ. ಒಂದೇ ಜಾಗದಲ್ಲಿ ಹಿಡಿದು, ಅವಸರವಿಲ್ಲದೆ ಐದು ಹೊಡೆಯಿರಿ, ಇನ್ನೈದು ಹೊಡೆಯಿರಿ. ಹತ್ತೂ ತೂತುಗಳು ಒಂದೆಡೆ ಗುಂಪಾಗಿದ್ದರೆ, ಆ ಗುಂಪು ಎಲ್ಲೇ ಇರಲಿ, ಖುಷಿಪಡಿ. ಗುಂಪಿನ ನಡುವನ್ನು ಪೆನ್ಸಿಲಿನಿಂದ ಗುರುತು ಮಾಡಿ, ಅಲ್ಲಿಂದ ಹತ್ತರ ನಡುವಿಗೆ ಅಳೆಯಿರಿ. ಚೆಲ್ಲಾಪಿಲ್ಲಿಯಾಗಿದ್ದರೆ ಸ್ಕ್ರೂಡ್ರೈವರನ್ನು ಚೀಲದಿಂದ ತೆಗೆಯಲೇಬೇಡಿ. ಬಲಗೈಯಲ್ಲಿ ಹೊಡೆಯುವವರ ಒಂದೆರಡು ಪೆಲೆಟ್ ಮಾತ್ರ ಕೆಳಗೆ ಎಡಕ್ಕೆ ಓಡಿದ್ದರೆ ಅದು ಬಹುಮಟ್ಟಿಗೆ ಟ್ರಿಗರನ್ನು ಜಗ್ಗಿದ ತಪ್ಪು. ಬೆರಳಿನ ತಪ್ಪಿಗೆ ಸೈಟನ್ನು ಸರಿಸಿದರೆ ಮುಂದಿನ ಒಳ್ಳೆಯ ಹೊಡೆತವೂ ಹಾಳು. ಪ್ರತಿ ಹೊಡೆತಕ್ಕೂ ಒಂದೊಂದು ಕ್ಲಿಕ್ ತಿರುಗಿಸುವ ಚಟ ಹೊಸಬರನ್ನು ಕೆಡಿಸಿದಷ್ಟು ಬೇರೆ ಯಾವುದೂ ಕೆಡಿಸಿಲ್ಲ.

ಒಂದು ಕ್ಲಿಕ್ಕಿಗೆ ಪೆಲೆಟ್ ಎಷ್ಟು ಸರಿಯುತ್ತದೆ ಎಂಬುದು ಪಿಸ್ತೂಲಿನಿಂದ ಪಿಸ್ತೂಲಿಗೆ ಬೇರೆ. ಕಂಡುಕೊಳ್ಳುವುದು ಸುಲಭ: ಒಂದು ಗುಂಪು ಹೊಡೆಯಿರಿ, ಒಂದೇ ದಿಕ್ಕಿಗೆ ಹತ್ತು ಕ್ಲಿಕ್ ತಿರುಗಿಸಿ, ಅದೇ ಜಾಗಕ್ಕೆ ಹಿಡಿದು ಇನ್ನೊಂದು ಗುಂಪು ಹೊಡೆಯಿರಿ. ಎರಡು ಗುಂಪುಗಳ ನಡುವಿನ ದೂರವನ್ನು ಹತ್ತರಿಂದ ಭಾಗಿಸಿ. 20 ಮಿ.ಮೀ. ಬಂದರೆ ಕ್ಲಿಕ್ಕಿಗೆ 2. ಆಮೇಲೆ 12 ಮಿ.ಮೀ. ಸರಿಸಲು ಆರು ಕ್ಲಿಕ್, ಊಹೆಯ ಮಾತೇ ಇಲ್ಲ. ಎತ್ತರವನ್ನೂ ಪಕ್ಕವನ್ನೂ ಒಟ್ಟಿಗೆ ಬದಲಿಸಬೇಡಿ. ಒಂದು ಮುಗಿಸಿ ಇನ್ನೊಂದು.

ದೂರವೂ ಮುಖ್ಯ. ಸೆಕೆಂಡಿಗೆ ಸುಮಾರು 150 ಮೀಟರ್ ವೇಗದ ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಎರಡು ಸೆಂಟಿಮೀಟರಿನಷ್ಟು ಕೆಳಗಿಳಿದಿರುತ್ತದೆ. ಮನೆಯ ಹಜಾರದಲ್ಲಿ 7 ಮೀಟರಿಗೆ ಹೊಂದಿಸಿದ ಸೈಟ್ ರೇಂಜಿನಲ್ಲಿ ಹೊಂದುವುದಿಲ್ಲ. ಬೇರೆ ಡಬ್ಬಿಯ ಪೆಲೆಟ್ ಹಾಕಿದರೂ ಒಮ್ಮೆ ಗುಂಪು ಪರೀಕ್ಷಿಸಬೇಕು.

ಲೈಸೆನ್ಸಿನ ಪಿಸ್ತೂಲು, ರಿವಾಲ್ವರುಗಳಲ್ಲಿ ಹಲವಕ್ಕೆ ಈ ಸ್ಕ್ರೂಗಳೇ ಇರುವುದಿಲ್ಲ. ಅಂಥ ಪಿಸ್ತೂಲುಗಳಲ್ಲಿ ಹಿಂದಿನ ಸೈಟ್ ಸಾಮಾನ್ಯವಾಗಿ ಒಂದು ತೋಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಹಿತ್ತಾಳೆಯ ಪಂಚ್‌ನಿಂದ ಹದವಾಗಿ ತಟ್ಟಿ ಸರಿಸಬೇಕು. ಎತ್ತರ ಬದಲಿಸಲು ಮುಂದಿನ ಕಡ್ಡಿಯನ್ನೇ ಬದಲಿಸಬೇಕು: ಗಿಡ್ಡ ಕಡ್ಡಿ ಗುಂಡನ್ನು ಮೇಲಕ್ಕೂ, ಉದ್ದ ಕಡ್ಡಿ ಕೆಳಕ್ಕೂ ಒಯ್ಯುತ್ತದೆ. ಇದು ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಕೆಲಸ, ಮನೆಯ ಸುತ್ತಿಗೆಯದ್ದಲ್ಲ. ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣದಲ್ಲೇ ಟಿಪ್ಪುವಿನ ಕಾಲಕ್ಕೆ ಪಿಸ್ತೂಲುಗಳು ತಯಾರಾಗುತ್ತಿದ್ದವು. ಹುಲಿಪಟ್ಟೆಯ ಗುರುತಿನ ಆ ಕಲ್ಲುಕಿಡಿಯ ಪಿಸ್ತೂಲುಗಳ ಕಾಲದಲ್ಲಿ ಕ್ಲಿಕ್ ಎಣಿಸಿ ಸರಿಸುವ ಸೈಟ್ ಇರಲಿಲ್ಲ. ಹೊಡೆಯುವವನೇ ತನ್ನ ಪಿಸ್ತೂಲಿನ ಗುಣ ಕಲಿತು ಹಿಡಿಯಬೇಕಿತ್ತು.

ಸೈಟ್ ಮುಟ್ಟುವ ಮುನ್ನ ಪಿಸ್ತೂಲು ಖಾಲಿಯಿದೆಯೇ ಎಂದು ಕಣ್ಣಾರೆ ನೋಡಿ, ನಳಿಕೆಯಲ್ಲಿ ಸುರಕ್ಷತಾ ದಾರ ಹಾಕಿ, ಮೂತಿಯನ್ನು ಟಾರ್ಗೆಟ್ ಕಡೆಗೇ ಇಡಿ. ಪೆಲೆಟ್ ಸೀಸದ್ದು, ಮುಗಿದ ಮೇಲೆ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ.

ಸ್ಪರ್ಧೆಯಲ್ಲಿ 60 ಹೊಡೆತಕ್ಕೆ ಸಿಗುವುದು 75 ನಿಮಿಷ. ಅದಕ್ಕೂ ಮುಂಚೆ ತಯಾರಿಗೆ ಮತ್ತು ಪರೀಕ್ಷೆಯ ಹೊಡೆತಗಳಿಗೆ 15 ನಿಮಿಷ ಕೊಡುತ್ತಾರೆ. ಆ ಹೊಡೆತಗಳಿಗೆ ಅಂಕವಿಲ್ಲ, ಮಿತಿಯೂ ಇಲ್ಲ. ಹೊಸ ಜಾಗದ ಬೆಳಕಿಗೆ ಒಂದೆರಡು ಕ್ಲಿಕ್ ಬೇಕಾದರೆ ಆಗಲೇ ಕೊಟ್ಟು ಮುಗಿಸಬೇಕು. ಅದಕ್ಕಾಗಿ ಇವತ್ತೇ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಸೈಟನ್ನು ನಿಧಾನವಾಗಿ ಪೂರ್ತಿ ಕೆಳಗಿಳಿಸಿ, ಅಲ್ಲಿಂದ ನಿಮ್ಮ ಜಾಗಕ್ಕೆ ಎಷ್ಟು ಕ್ಲಿಕ್ ಎಂದು ಎಣಿಸಿ, ತಾರೀಖು ಹಾಕಿ ಮೊದಲ ಪುಟದಲ್ಲಿ ಬರೆಯಿರಿ.